ಲೋಟದ ಲೆಕ್ಕ

ಏಳು ಲೋಟ ಒಳಗೆ ಹೋದವು,
ಏಳೂ ತುಂಬಿಕೊಂಡೇ ಹೊರಗೆ ಬಂದವು.
ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು.

ಮಂಡಿ ಮೊಹಲ್ಲಾದ ನಮ್ಮ ಸಂಘದಲ್ಲಿ
ಲೆಕ್ಕ ಬರೆಯುವವರು ಬೇರೆ, ಲೆಕ್ಕ ತಿಳಿದವರು ಬೇರೆ.
ನನ್ನದು ಲೋಟದ ಲೆಕ್ಕ.
ಅಧ್ಯಕ್ಷರದು ಸಕ್ಕರೆ ಇಲ್ಲದ್ದು. ದೊಡ್ಡ ಸಾಲ ಮಂಜೂರಾಗುವ ದಿನ ಮಾತ್ರ
"ಒಂದು ಚಮಚ ಹಾಕೋ ಮರಿಲಿಂಗ" ಅನ್ನುವರು.
ಸಾಲ ಯಾರಿಗೆ ಎಂಬುದು
ಬಿಸ್ಕತ್ತಿನ ತಟ್ಟೆ ಯಾರ ಕಡೆಗೆ ಸರಿಯಿತೋ ಅದರಲ್ಲೇ ಗೊತ್ತು.
ಕದ ಹಾಕಿಕೊಂಡವರೂ ನಾನು ಹೋದರೆ ಮಾತು ನಿಲ್ಲಿಸುತ್ತಿರಲಿಲ್ಲ.
ಫ್ಯಾನು ತಿರುಗುತ್ತದೆಂದು ಯಾರು ಮಾತು ನಿಲ್ಲಿಸುತ್ತಾರೆ?

ಅವತ್ತು ನಿಲ್ಲಿಸಿದರು.

ತಟ್ಟೆ ಇಟ್ಟೆ. ಗೋಡೆಯ ಗಡಿಯಾರ ಕೇಳಿಸಿತು.
ಕಾರ್ಯದರ್ಶಿ ಚನ್ನಬಸಪ್ಪನವರ ಬೆರಳು
ಕಡತದ ದಾರ ಬಿಚ್ಚುತ್ತಿತ್ತು, ಕಟ್ಟುತ್ತಿತ್ತು,
ಮತ್ತೆ ಬಿಚ್ಚುತ್ತಿತ್ತು.

ಆಮೇಲೆ ಮೋರಿಗೆ ಒಂದೊಂದಾಗಿ ಬಗ್ಗಿಸುವಾಗ
ಪ್ರತಿ ಲೋಟದ ಮೇಲೂ ಸುಕ್ಕುಬಿದ್ದ ಕೆನೆ,
ಅಜ್ಜಿಯ ಮುಂಗೈ ಚರ್ಮದ ಹಾಗೆ.
ತಿಳಿದುಹೋಯಿತು.
ಯಾರೂ ಹೇಳಲಿಲ್ಲ. ಚಾಮುಂಡಿ ಆಣೆಗೂ ಯಾರೂ ಹೇಳಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಚೀಟಿ ಬರೆದೆ:
ನಲವತ್ತೊಂದು ಸಾವಿರದ ಆರುನೂರು.
ಮಗಳ ನರ್ಸಿಂಗ್ ಫೀಸು ಅಂತ ಒಂದು ಸುಳ್ಳನ್ನೂ
ಇಸ್ತ್ರಿ ಮಾಡಿ ತಂದಿದ್ದೆ.
ಕ್ಯಾಷಿಯರ್ ವಿಶಾಲಾಕ್ಷಿ ಕಾರಣ ಕೇಳಲಿಲ್ಲ.
ನೋಟು ಎಣಿಸಿದಳು, ಮುಖ ನೋಡಲಿಲ್ಲ.
ಅರ್ಧ ತೆರೆದ ಡ್ರಾಯರಿನಲ್ಲಿ ಅವಳದೇ ಪಾಸ್‌ಬುಕ್ಕು,
ಕೊನೆಯ ಸಾಲಿಗೆ ಸೊನ್ನೆ, ಶಾಯಿ ಇನ್ನೂ ಹಸಿ.
ಕತ್ತಲ ಓಣಿಯಲ್ಲಿ ಎದುರಾದ ಎರಡು ಬೆಕ್ಕುಗಳಂತೆ
ಗೋಡೆಗೆ ಒತ್ತಿಕೊಂಡು
ನಾವಿಬ್ಬರೂ ಸರಿದುಹೋದೆವು.

ಮೆಟ್ಟಿಲ ಮೇಲೆ ಗುಲ್ಜಾರ್‌ಬಿ.
ಊದುಬತ್ತಿ ಹೊಸೆದು ಹೊಸೆದು ಬೆರಳಿನ ಗೆರೆಯೆಲ್ಲ ಕಪ್ಪು.
ದಿನಕ್ಕೆ ಮೂವತ್ತು ರೂಪಾಯಿ ಪಿಗ್ಮಿ, ಹಬ್ಬದ ದಿನವೂ ತಪ್ಪಿಸಿದವಳಲ್ಲ.
ಎತ್ತುವ ಹುಡುಗ ಎರಡು ದಿನದಿಂದ ಬಂದಿಲ್ಲವಂತೆ
(ಅವನಿಗೂ ತಿಳಿದಿತ್ತೇನೋ),
ತಾನೇ ಕಟ್ಟಿಹೋಗಲು ಬಂದಿದ್ದಳು.
"ಮರಿಲಿಂಗಣ್ಣ, ಒಳಗೆ ಎಲ್ಲಾ ಸರಿ ಐತಲ್ವಾ?"

ನೋಟಿನ ಕಟ್ಟು ಹೊಟ್ಟೆಗೂ ಬನಿಯನ್ನಿಗೂ ನಡುವೆ
ಬೆಚ್ಚಗಿತ್ತು.
ಒಬ್ಬರಿಗೆ ಹೇಳಿದರೆ ಬೀದಿಯೇ ನುಗ್ಗುತ್ತದೆ,
ನುಗ್ಗಿದರೆ ನನ್ನದನ್ನೂ ಕಿತ್ತುಕೊಂಡಾರು
ಎಂದೆಲ್ಲ ಯೋಚಿಸಿದೆನೇ? ಇಲ್ಲ.
ಅಷ್ಟು ಯೋಚಿಸಲು ಹೊತ್ತೆಲ್ಲಿತ್ತು.
ಹತ್ತೊಂಬತ್ತು ವರ್ಷದ ಅಭ್ಯಾಸ ಬಾಯಿಗೆ ಬಂತು:
"ಕೂತ್ಕೊಳ್ಳಿ, ಟೀ ತರ್ತೀನಿ."

ಗುರುವಾರ ಶಟರ್ ಬಿತ್ತು.

ವಿಚಾರಣೆಗೆ ಬಂದ ಅಧಿಕಾರಿ ನನ್ನನ್ನೂ ಕರೆಸಿದರು.
"ಏನಪ್ಪಾ ನಿನ್ನ ಕೆಲಸ?"
"ಟೀ ಕೊಡೋದು ಸಾರ್."
ತಲೆ ಎತ್ತದೆ ನನ್ನ ಹೆಸರಿನ ಮುಂದೆ ಬರೆದರು:
ವಿಷಯ ತಿಳಿದಿಲ್ಲ.
ಸಹಿ ಮಾಡಿದೆ.
ಅವಮಾನವೂ ಆಯಿತು, ನೆಮ್ಮದಿಯೂ ಆಯಿತು,
ಯಾವುದು ಮೊದಲು ಅಂತ ಕೇಳಬೇಡಿ.

ದುಡ್ಡು ಅಕ್ಕಿ ಡಬ್ಬದಲ್ಲೇ ಇದೆ. ಪ್ರತಿ ಸಲ ಅಳೆಯುವಾಗ
ಕೈಗೆ ಸಿಗುತ್ತದೆ, ಕಲ್ಲಿನ ಹಾಗೆ.

ಮೊನ್ನೆ ಅಶೋಕ ರಸ್ತೆಯಲ್ಲಿ ಗುಲ್ಜಾರ್‌ಬಿ ಸಿಕ್ಕಳು.
ತಲೆ ತಗ್ಗಿಸಿ ದಾಟುತ್ತಿದ್ದವನನ್ನು ಅವಳೇ ಕೂಗಿದಳು.
"ನಿಮ್ದೂ ಹೋಯ್ತೇನೋ ಪಾಪ.
ಒಳಗೇ ಇದ್ರೂ ನಿಮ್ಮಂಥೋರಿಗೆ ಯಾರಣ್ಣ ಹೇಳ್ತಾರೆ?"
ಬಿಡಲಿಲ್ಲ, ಮನೆಗೆ ಕರೆದೊಯ್ದಳು.
ಹೊಸೆದ ಕಡ್ಡಿಗಳು ಜಗಲಿ ತುಂಬ ಒಣಗುತ್ತಿದ್ದವು.
ನಡುವೆ ಎರಡು ಮೊಳ ಜಾಗ ಮಾಡಿ ಕೂರಿಸಿ
ಟೀ ಕೊಟ್ಟಳು.

ಹಿಡಿದುಕೊಂಡು ಕೂತೆ.
ಮಾತಾಡುತ್ತಲೇ ಇದ್ದಳು, ಮೊಮ್ಮಗನ ಜ್ವರ, ಗಂಧದ ಪುಡಿಯ ರೇಟು.
ಬಿಸಿ ಆರಿತು. ಮೇಲೆ ತೆಳ್ಳಗೆ
ಕೆನೆ ಸುಕ್ಕುಗಟ್ಟಿತು.

ಮಾತು ನಿಂತಿತು.
ಗುಲ್ಜಾರ್‌ಬಿ ಒಂದು ಸಲ ಲೋಟ ನೋಡಿದಳು,
ಒಂದು ಸಲ ನನ್ನನ್ನು.